ನೆತ್ತಿಗೆ ತಂತಿ ಹಚ್ಚಿಕೊಂಡ ದಿನಗಳು

ಸ್ಕೂಟಿ ಜಾರಿದ್ದು ನನಗೆ ನೆನಪಿಲ್ಲ. ಇಳಕಲ್ಲಿನಿಂದ ಹುನಗುಂದಕ್ಕೆ ಬರುವ ದಾರಿಯಲ್ಲಿ ಗ್ರಾನೈಟ್ ಕಲ್ಲಿನ ಹಿಟ್ಟು ಮಳೆನೀರಿಗೆ ಕಲೆತು, ಹಾಲಿನಂಥ ರಾಡಿಯಾಗಿ ರಸ್ತೆಗೆ ಹರಿದಿತ್ತಂತೆ. ಅದರ ಮೇಲೆ ಗಾಲಿ ಜಾರಿತಂತೆ. ಇದೆಲ್ಲ ಆಮೇಲೆ ಬೇರೆಯವರು ಹೇಳಿದ್ದು. ನನ್ನ ನೆನಪಿನಲ್ಲಿರುವುದು ಅದಕ್ಕೂ ತುಸು ಮುಂಚಿನದು: ಪಕ್ಕದ ಹೊಲದಲ್ಲಿ ಸೂರ್ಯಕಾಂತಿಗಳು ಮೋಡದ ಬೆಳಕಿನಲ್ಲಿ ದಿಕ್ಕು ತಿಳಿಯದೆ ಒಂದೊಂದೂ ಒಂದೊಂದು ಕಡೆ ಮುಖ ಮಾಡಿ ನಿಂತಿದ್ದವು. ಅದರ ನಂತರ ದವಾಖಾನೆಯ ಫ್ಯಾನು ತಿರುಗುತ್ತಿತ್ತು. ನಡುವಿನ ಒಂದೂವರೆ ದಿನ ನನ್ನ ಪಾಲಿಗೆ ಬರಲೇ ಇಲ್ಲ.

ಹೆಲ್ಮೆಟ್ ಇದ್ದದ್ದಕ್ಕೆ ಉಳಿದೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಕೈಕಾಲು ನೆಟ್ಟಗಿದ್ದವು, ಮಾತು ನೆಟ್ಟಗಿತ್ತು. ಮೂರು ವಾರ ಕಳೆದ ಮೇಲೆ ಮನೆಯಲ್ಲಿ ಒಂದು ಪುಸ್ತಕ ತೆರೆದಾಗಲೇ ತಿಳಿದದ್ದು, ಏನೋ ಹೋಗಿದೆ ಎಂದು. ಮೊದಲ ಸಾಲು ಓದಿದೆ, ಎರಡನೆಯದು ಓದಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇರಲಿಲ್ಲ. ಅಕ್ಷರಗಳೇನೋ ಸ್ಪಷ್ಟವಾಗಿಯೇ ಇದ್ದವು. ಅವನ್ನು ಹಿಡಿದುಕೊಳ್ಳುವ ನಾನು ಮಾತ್ರ ಎಲ್ಲಿಗೋ ತೇಲಿಹೋಗಿ ತಿರುಗಿ ಬರುತ್ತಿದ್ದೆ. ಬಂದಾಗ ಅದೇ ಸಾಲಿನ ಮೇಲೆ ಬೆರಳು.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಓದುವುದೇ ನನ್ನ ಕೆಲಸ. ಯಾರಿಗೂ ಹೇಳದೆ ಶಾಲೆಗೆ ಹೋದೆ. ಹತ್ತನೆಯ ತರಗತಿಯಲ್ಲಿ ಗದ್ಯಪಾಠ ಓದುತ್ತ ಒಂದೇ ವಾಕ್ಯವನ್ನು ಮೂರು ಸಲ ಓದಿದೆನಂತೆ. ಮಕ್ಕಳು ಮೊದಲು ಮೆಲ್ಲಗೆ ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. ನಕ್ಕಿದ್ದಕ್ಕಿಂತ ಆ ಬಿಟ್ಟದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಅಂದೇ ರಜೆ ಬರೆದು ಕೊಟ್ಟು ಮನೆಗೆ ಬಂದೆ.

ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ಮಾತು ಕಡಿಮೆ. ಮರುದಿನದಿಂದ ಅವರು ಮುಂಜಾನೆ ಚಹಾ ಕುಡಿಯುತ್ತ ಪೇಪರನ್ನು ನನಗಾಗಿ ಗಟ್ಟಿಯಾಗಿ ಓದತೊಡಗಿದರು. ಹವಾಮಾನ, ಕಬ್ಬಿನ ಸುದ್ದಿ, ನಿಧನವಾರ್ತೆ, ಎಲ್ಲವನ್ನೂ ಒಂದೇ ದನಿಯಲ್ಲಿ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅವರ ದನಿಯನ್ನು ನಾನು ಅಷ್ಟು ಹೊತ್ತು ಕೇಳಿಯೇ ಇರಲಿಲ್ಲ.

ಡಾಕ್ಟರು ಕಾಯಬೇಕು ಎಂದರು. ಜೊತೆಗೆ, ಬಾಗಲಕೋಟೆಯ ನವನಗರದಲ್ಲಿ ಒಬ್ಬ ಹುಡುಗಿ ತಲೆಗೆ ತಂತಿ ಹಚ್ಚಿ ಮೆದುಳಿನ ಅಲೆಗಳನ್ನು ನೋಡಿ ತರಬೇತಿ ಕೊಡುತ್ತಾಳೆ, ಬೇಕಾದರೆ ಹೋಗಿ ನೋಡಿ ಎಂದೂ ಹೇಳಿದರು. ಈ ಸುದ್ದಿ ಇಳಕಲ್ಲಿನಲ್ಲಿರುವ ನನ್ನ ದೊಡ್ಡವ್ವನಿಗೆ ಅದೇ ದಿನ ಮುಟ್ಟಿತು. ದೊಡ್ಡವ್ವ ಅವ್ವನ ಅಕ್ಕ. ಎಪ್ಪತ್ತು ದಾಟಿದವಳು. ಹನ್ನೆರಡರ ವಯಸ್ಸಿನಿಂದ ಕೈಮಗ್ಗದಲ್ಲಿ ಸೀರೆ ನೇಯುತ್ತ ಬಂದವಳು. ನನ್ನ ಗಂಡನಿಗೆ ಫೋನಿನಲ್ಲಿ, ತಲೆಗೆ ಪೆಟ್ಟಾದವಳನ್ನು ಒಬ್ಬಳನ್ನೇ ಬಸ್ಸು ಹತ್ತಿಸುತ್ತೀಯಾ ಎಂದು ಕೇಳಿದಳಂತೆ. ಅಲ್ಲಿಗೆ ತೀರ್ಮಾನವಾಯಿತು.

ವಾರಕ್ಕೆ ಎರಡು ಸಲ ಅವಳು ಇಳಕಲ್ಲಿನಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಸಿ, ಹುನಗುಂದದವರೆಗೆ ಅದನ್ನು ಕಾಯ್ದುಕೊಂಡು ಬರುತ್ತಿದ್ದಳು. ನಾನು ಹತ್ತಿದ ಮೇಲೆ ಟವೆಲ್ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಮೀನಗಡದಲ್ಲಿ ಬಸ್ಸು ನಿಂತರೆ ಕರದಂಟು ಕಾಸುವ ತುಪ್ಪ, ಬೆಲ್ಲ, ಅಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಆಗಿನ ದಿನಗಳಲ್ಲಿ ನನಗೆ ಎಲ್ಲವೂ ತೆಳುವಾದ ಬಟ್ಟೆಯ ಆಚೆ ನಡೆಯುತ್ತಿರುವ ಹಾಗಿತ್ತು. ಆ ವಾಸನೆ ಮಾತ್ರ ಬಟ್ಟೆ ದಾಟಿ ಬರುತ್ತಿತ್ತು.

ನವನಗರದಲ್ಲಿ ಒಂದು ಮನೆಯ ಎರಡನೆಯ ಮಹಡಿ. ಕಿಟಕಿಯಿಂದ ದೂರದಲ್ಲಿ ಅಣೆಕಟ್ಟಿನ ಹಿನ್ನೀರು ಕಾಣುತ್ತಿತ್ತು, ಅದರಲ್ಲಿ ಮುಳುಗಿದ ಹಳೆಯ ಮರಗಳ ತುದಿ. ಆ ಹುಡುಗಿಗೆ ಮೂವತ್ತರ ಆಸುಪಾಸು. ಬಾದಾಮಿ ಕಡೆಯವಳು. ಅವಳ ಹತ್ತಿರ ಬರುವವರು ಬಹುತೇಕ ಒಂದು ಕಡೆ ಕೂಡಲಾರದ ಮಕ್ಕಳು. ಹಾಗಾಗಿ ಗೋಡೆಯ ತುಂಬ ಆನೆ, ಮೊಲ, ನವಿಲು. ಅವಳು ನನ್ನನ್ನು ಸಣ್ಣ ಕುರ್ಚಿಯಲ್ಲಿ ಕೂರಿಸಿ, ಹೇನು ನೋಡುವ ಹಾಗೆ ನೆತ್ತಿಯ ಕೂದಲನ್ನು ಬೈತಲೆ ತೆಗೆದು, ಮೊಸರಿಗಿಂತ ಗಟ್ಟಿಯಾದ ತಣ್ಣನೆಯ ಪೇಸ್ಟು ಹಚ್ಚಿ ಅದರ ಮೇಲೆ ಒಂದು ತಂತಿ ಕೂರಿಸಿದಳು. ಎರಡೂ ಕಿವಿಗೆ ಒಂದೊಂದು ಕ್ಲಿಪ್ಪು.

ದೊಡ್ಡವ್ವ ಎದ್ದು ಹತ್ತಿರ ಬಂದು ನಿಂತಳು. ಅದರಿಂದ ತಲೆಯೊಳಗೆ ಕರೆಂಟು ಹೋಗುತ್ತದೆಯೇ ಎಂಬುದು ಅವಳ ಅನುಮಾನ.

"ಇದು ಒಳಗ ಏನೂ ಬಿಡಂಗಿಲ್ರೀ ಅಮ್ಮಾ," ಎಂದಳು ಹುಡುಗಿ. "ಬರೇ ಕೇಳಸ್ಕೋತೈತಿ. ಬಾಗಲಾಕ ಕಿವಿ ಹಚ್ಚಿ ನಿಂತಂಗ."

ದೊಡ್ಡವ್ವ ಇದನ್ನು ಒಪ್ಪಿ ಹೋಗಿ ಕೂತಳು.

ಎದುರಿನ ಪರದೆಯಲ್ಲಿ ನೀರು, ನೀರಿನ ಮೇಲೆ ಒಂದು ದೋಣಿ. ಮೆದುಳು ಎಚ್ಚರವಾಗಿಯೂ ಇದ್ದು ನೆಮ್ಮದಿಯಾಗಿಯೂ ಇದ್ದಾಗ ಒಂದು ಬಗೆಯ ಅಲೆ ಹೆಚ್ಚುತ್ತದೆ, ತೂಕಡಿಸುವ ನಿಧಾನದ ಅಲೆ ಕಡಿಮೆಯಾಗುತ್ತದೆ, ಆಗ ದೋಣಿ ಮುಂದೆ ಹೋಗುತ್ತದೆ ಎಂದು ಅವಳು ತಿಳಿಸಿದಳು. ಅದನ್ನು ಹೇಗೆ ನಡೆಸಬೇಕು ಎಂದು ಕೇಳಿದೆ. ಅದನ್ನು ತಾನು ಹೇಳಲಾರೆ, ನಿಮ್ಮ ತಲೆಯೇ ಹುಡುಕಿಕೊಳ್ಳಬೇಕು ಎಂದಳು.

ಮೂರು ವಾರ ದೋಣಿ ಅಲ್ಲಾಡಲಿಲ್ಲ. ನಾನು ಮಾಸ್ತರರ ಮಗಳು, ನಾನೂ ಕಲಿಸುವವಳು. ಕಷ್ಟಪಟ್ಟರೆ ಎಲ್ಲ ಬರುತ್ತದೆ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದವಳು. ಹಣೆ ಗಂಟು ಹಾಕಿ, ಹಲ್ಲು ಕಚ್ಚಿ ಆ ದೋಣಿಯನ್ನು ಕಣ್ಣಿನಿಂದ ನೂಕಿದೆ. ನೂಕಿದಷ್ಟೂ ಅದು ನಿಂತಲ್ಲೇ ನಿಂತಿತು. ಒಂದು ದಿನ ಇದ್ದಕ್ಕಿದ್ದಂತೆ ಸರಸರನೆ ಓಡಿತು. ನನಗೆ ಎದೆಯಲ್ಲಿ ಏನೋ ಉಕ್ಕಿ ಬಂತು. ಹುಡುಗಿ ಎದ್ದು ಬಂದು, ಕಿವಿಯ ಕ್ಲಿಪ್ಪು ಮುಟ್ಟಿ ನೋಡಿ, ಯಂತ್ರ ನಿಲ್ಲಿಸಿದಳು. ಕ್ಲಿಪ್ಪು ಸಡಿಲವಾಗಿತ್ತು. ಆ ಓಟ ನನ್ನದಾಗಿರಲಿಲ್ಲ.

ನಾನು ಅಳತೊಡಗಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ಅಕ್ಕೋರ, ನಾ ನಿಮಗ ಖಾತ್ರಿ ಕೊಡಂಗಿಲ್ಲ," ಎಂದಳು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ಕೆಲವರಿಗೆ ಇದರಿಂದ ಚಲೋ ಆಗತೈತಿ, ಕೆಲವರಿಗೆ ಆಗಂಗಿಲ್ಲ. ಆದವರಿಗೂ ಯಂತ್ರದಿಂದ ಆತೋ, ವಾರಕ್ಕ ಎರಡ ಸಲ ಯಾರರ ಅವರ ಸಲುವಾಗಿ ಕುಂತಿದ್ದಕ್ಕ ಆತೋ, ನನಗ ಖರೇನ ಗೊತ್ತಿಲ್ಲ."

ಅಂದಿನಿಂದ ಅವಳ ಮೇಲೆ ನನಗೆ ನಂಬಿಕೆ ಹುಟ್ಟಿತು.

ಆ ಹೊತ್ತಿಗೆ ದೊಡ್ಡವ್ವ ಎದ್ದು ಬಂದು, ನನಗೊಂದಿಷ್ಟು ಹಚ್ಚಿ ನೋಡು ಎಂದಳು. ನನ್ನನ್ನು ನಗಿಸುವುದಕ್ಕೆ ಹೇಳಿದಳು ಎಂದುಕೊಂಡೆ. ಅವಳು ಸೆರಗು ಇಳಿಸಿ, ತುರುಬು ಬಿಚ್ಚಿ, ಕುರ್ಚಿಯಲ್ಲಿ ಕೂತೇ ಬಿಟ್ಟಳು. ಅವಳ ಕೂದಲು ಪೂರ್ತಿ ಬೆಳ್ಳಗಾದದ್ದನ್ನು ನಾನು ನೋಡಿದ್ದು ಅಂದೇ. ಹುಡುಗಿ ಪೇಸ್ಟು ಹಚ್ಚಿ ತಂತಿ ಕೂರಿಸಿ, ಕ್ಲಿಪ್ಪುಗಳನ್ನು ಎರಡೆರಡು ಸಲ ಮುಟ್ಟಿ ನೋಡಿದಳು.

ದೋಣಿ ಸ್ವಲ್ಪ ಹೊತ್ತು ಅಲುಗಿತು. ಆಮೇಲೆ ಹೊರಟಿತು. ಜೋರಾಗಿ ಅಲ್ಲ, ತಡೆತಡೆದೂ ಅಲ್ಲ. ದಂಡೆ ಮುಟ್ಟಿ, ಪರದೆ ಬದಲಾಗಿ, ಮತ್ತೆ ಮೊದಲಿನಿಂದ ಹೊರಟಿತು. ಹುಡುಗಿ ಪರದೆಯನ್ನು ಬಿಟ್ಟು ದೊಡ್ಡವ್ವನ ಮುಖವನ್ನೇ ನೋಡುತ್ತಿದ್ದಳು. ಏನು ಮಾಡಿದಿರಿ ಎಂದು ಕೇಳಿದಳು. ದೊಡ್ಡವ್ವ ಹೇಳಿದಳು:

"ಮಗ್ಗದಾಗ ಎಳಿ ಹರೀತೈತೇನಂತ ನೋಡಕೋತ ಹೆಂಗ ಕುಂಡ್ರತೇನಿ, ಹಂಗ ಕುಂತೆ. ಹರೀಲಿ ಅಂತೂ ಇಲ್ಲ, ಹರೀಬ್ಯಾಡ ಅಂತೂ ಇಲ್ಲ."

ಬಸ್ಸಿನಲ್ಲಿ ಇನ್ನಷ್ಟು ಕೇಳಬೇಕೆಂದಿದ್ದೆ. ಅವಳು ಶಿರೂರು ದಾಟುವ ಮೊದಲೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಅವಳ ನೆತ್ತಿಯಲ್ಲಿ ಪೇಸ್ಟು ಒಣಗಿ ಬೆಳ್ಳಗೆ ಅಂಟಿತ್ತು.

ಮುಂದಿನ ಸಲ ನಾನು ಏನನ್ನೂ ನೂಕಲಿಲ್ಲ. ಸೋತು ಸುಮ್ಮನಾದೆ ಎನ್ನುವುದೇ ಸರಿ. ನೀರನ್ನು ನೋಡುತ್ತಿದ್ದ ಹಾಗೆ ಒಂದು ಮಧ್ಯಾಹ್ನ ತಾನಾಗಿ ಬಂತು. ನನಗೆ ಏಳೋ ಎಂಟೋ ವರ್ಷ. ಶಾಲೆಯ ಬೇಸಿಗೆ ಸೂಟಿಗೆ ಇಳಕಲ್ಲಿಗೆ ಹೋಗಿದ್ದೇನೆ. ದೊಡ್ಡವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಾಳೆ, ನಾನು ಪಕ್ಕದ ತಣ್ಣನೆಯ ನೆಲದ ಮೇಲೆ ಮಲಗಿದ್ದೇನೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲಿನ ಕೋಲು ಇಳಿದಿದೆ, ಅದರೊಳಗೆ ದೂಳಿನ ಕಣಗಳು ಮೇಲೂ ಹೋಗದೆ ಕೆಳಗೂ ಬೀಳದೆ ನಿಂತಿವೆ. ಲಾಳಿ ಅತ್ತ ಹೋಗುವ ಸಪ್ಪಳ, ಇತ್ತ ಬರುವ ಸಪ್ಪಳ. ನಾನು ನಿದ್ದೆಯಲ್ಲೂ ಇಲ್ಲ, ಎಚ್ಚರದಲ್ಲೂ ಇಲ್ಲ, ಆದರೆ ಒಂದೊಂದು ಸಪ್ಪಳವೂ ಕೇಳಿಸುತ್ತಿದೆ. ಸೀರೆಯಂಚಿನ ಕೆಂಪು ದಡಿಯ ಬಣ್ಣ ನೆಲದ ಮೇಲೆ ಮೆಲ್ಲಗೆ ಚೆಲ್ಲಿದೆ.

ತಿರುಗಿ ಬಂದು ನೋಡಿದರೆ ದೋಣಿ ನಡುನೀರಿನಲ್ಲಿತ್ತು. ನಾನು ನೋಡಿದ ಕೂಡಲೇ ನಿಂತುಬಿಟ್ಟಿತು. ಹಿಂದೆ ಕೂತಿದ್ದ ಹುಡುಗಿ ಎದ್ದು ಬಂದಳು. ಕ್ಲಿಪ್ಪನ್ನು ಒಮ್ಮೆ ಮುಟ್ಟಿ ನೋಡಿದಳು, ಅಷ್ಟೆ. ಅದು ಗಟ್ಟಿಯಾಗಿತ್ತು.

ಅಲ್ಲಿಂದ ಮುಂದೆ ಐದು ತಿಂಗಳು. ಒಂದು ದಿನ ಸಾಗಿದರೆ ಎರಡು ದಿನ ಇಲ್ಲ. ಮನೆಯಲ್ಲಿ ಪೇಪರಿನ ಒಂದು ಸಣ್ಣ ಸುದ್ದಿ ಪೂರ್ತಿ ಓದಿದೆ. ಆಮೇಲೆ ಒಂದು ಪುಟ. ಗಂಡ ತಮ್ಮ ಪಾಲಿನ ಓದನ್ನು ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ. ಎರಡು ಪುಟ ನಾನು, ಎರಡು ಪುಟ ಅವರು ಎಂದು ಹಂಚಿಕೊಂಡೆವು.

ನಾನು ತಿರುಗಿ ಕೆಲಸಕ್ಕೆ ಹೋಗುವ ಹಿಂದಿನ ವಾರ ಆ ಹುಡುಗಿ ಇಳಕಲ್ಲಿನ ದೊಡ್ಡವ್ವನ ಮನೆಗೆ ಬಂದಳು, ನಾನೂ ಅಲ್ಲಿದ್ದೆ. ತನ್ನ ಅವ್ವನಿಗೊಂದು ಸೀರೆ ಬೇಕಾಗಿತ್ತು, ಅದು ಹುಟ್ಟುವುದನ್ನೂ ನೋಡಬೇಕಾಗಿತ್ತು. ಚೀಲದಲ್ಲಿ ತಲೆಗೆ ಕಟ್ಟುವ ಒಂದು ಪಟ್ಟಿ ಮತ್ತು ಸಣ್ಣ ಸ್ಪೀಕರ್ ತಂದಿದ್ದಳು. ತರಬೇತಿಯ ಕೆಲಸವಲ್ಲದೆ ತನ್ನ ಖುಷಿಗಾಗಿ ಇನ್ನೊಂದನ್ನು ಮಾಡುತ್ತಿದ್ದಾಳೆ ಎಂದು ಅಂದು ಗೊತ್ತಾಯಿತು: ಮೆದುಳಿನ ಅಲೆಗಳನ್ನು ನಾದವಾಗಿ ಬದಲಿಸುವುದು. ನಿಧಾನದ ಅಲೆಗೆ ಕೆಳಗಿನ ಸ್ವರ, ಚುರುಕಿನ ಅಲೆಗೆ ಮೇಲಿನದು. ಬಾಗಲಕೋಟೆಯಲ್ಲಿ ಚಿತ್ರಕಲೆಯ ಹುಡುಗರು ಒಂದು ಪ್ರದರ್ಶನ ಇಡುವವರಿದ್ದರು, ಅದರಲ್ಲಿ ಇದನ್ನು ಕೇಳಿಸಬೇಕೆಂದು ಅವಳ ಆಸೆ. ದೊಡ್ಡವ್ವ ನೇಯುವಾಗಿನ ಅಲೆ ಬೇಕಾಗಿತ್ತು ಅವಳಿಗೆ.

ದೊಡ್ಡವ್ವ ಪಟ್ಟಿ ಕಟ್ಟಿಸಿಕೊಂಡು ಕುಣಿಗೆ ಇಳಿದಳು. ಸ್ಪೀಕರಿನಿಂದ ಬಂದದ್ದು ನಾದವಲ್ಲ, ಗದ್ದಲ. ಗರಗರ, ಟಪಟಪ, ನಡುವೆ ಎಲ್ಲಿಯೋ ಒಂದು ತೆಳ್ಳನೆಯ ಸ್ವರ ಮೇಲೆದ್ದು ಮುಳುಗುತ್ತಿತ್ತು. ಹುಡುಗಿಯ ಮುಖ ಬಾಡಿತು. ನೇಯುವಾಗ ರಟ್ಟೆ, ಕುತ್ತಿಗೆ, ದವಡೆ ಎಲ್ಲ ಅಲುಗುತ್ತವೆ, ಅವುಗಳ ವಿದ್ಯುತ್ತು ಮೆದುಳಿನದಕ್ಕಿಂತ ಬಹಳ ದೊಡ್ಡದು, ಹಾಗಾಗಿ ಇದರಲ್ಲಿ ಮೆದುಳಿನದು ಯಾವುದು ಮೈಯದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದಳು.

ದೊಡ್ಡವ್ವ ಲಾಳಿ ನಿಲ್ಲಿಸದೆ ಕೇಳಿದಳು. "ಬ್ಯಾರೆ ಯಾಕ ಮಾಡ್ತೀಯವ್ವಾ? ನೇಯೂ ಮುಂದ ಕೂಡೇ ಇರ್ತಾವಲ್ಲ."

ಹುಡುಗಿ ಪಟ್ಟಿಯನ್ನು ಬಿಚ್ಚಲಿಲ್ಲ. ನಾವಿಬ್ಬರೂ ಗೋಡೆಗೆ ಒರಗಿ ಕೂತೆವು. ಕೇಳುತ್ತ ಕೇಳುತ್ತ ಆ ಗದ್ದಲಕ್ಕೆ ಒಂದು ನಡಿಗೆ ಇದೆ ಎಂದು ಅನ್ನಿಸತೊಡಗಿತು. ಕಾಲು ತುಳಿದಾಗ ಒಂದು ಗರ, ಲಾಳಿ ಹಾರಿದಾಗ ಒಂದು ಏರು. ಓಣಿಯ ಇಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತರು, ಏನೆಂದು ಕೇಳದೆ ಅಲ್ಲಿಯೇ ಕೂತರು. ಸೆರಗಿನಲ್ಲಿ ತೆನೆಯಂಥ ಚಿತ್ತಾರದ ಒಂದು ಸಾಲು ಮುಗಿದಾಗ ದೊಡ್ಡವ್ವ ಕೈ ಬಿಟ್ಟು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅದು ಅವಳ ಯಾವತ್ತಿನ ರೂಢಿ.

ಆಗ ಗದ್ದಲವೆಲ್ಲ ಇಳಿದು, ಕೆಳಗಿನಿಂದ ಒಂದೇ ಒಂದು ಸ್ವರ ಎದ್ದಿತು. ಉದ್ದನೆಯದು, ಸಮನಾದದ್ದು. ಅಲೆಯ ಮೇಲೆ ಅಲೆ ಬಂದ ಹಾಗೆ ಉಬ್ಬಿ ತಗ್ಗುತ್ತಿತ್ತು. ಕಣ್ಣು ಮುಚ್ಚಿದರೆ ಎಲ್ಲರ ತಲೆಯಲ್ಲೂ ಇಂಥ ಅಲೆ ಹೆಚ್ಚುತ್ತದೆ, ಇದರಲ್ಲಿ ಪವಾಡ ಏನೂ ಇಲ್ಲ ಎಂದು ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಆ ಕೋಣೆಯಲ್ಲಿ ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಹೇಳಲಾರೆ. ಕಿಟಕಿಯ ಬಿಸಿಲು ಮಗ್ಗದ ಹಾಸಿನ ಎಳೆಗಳ ಮೇಲಿಂದ ಜಾರಿ ಗೋಡೆ ಹತ್ತಿತ್ತು. ದೊಡ್ಡವ್ವ ಕಣ್ಣು ತೆರೆದು, ಚಹಾ ಇಡಲಿಲ್ಲವೇ ಎಂದು ಕೇಳಿದಾಗ ಸ್ವರ ಒಡೆಯಿತು.

ಪ್ರದರ್ಶನಕ್ಕೆ ಅವಳು ಆ ಶಾಂತವಾದ ಸ್ವರವನ್ನು ಒಯ್ಯಲಿಲ್ಲ. ಗದ್ದಲದ್ದನ್ನೇ ಒಯ್ದಳು. ಇದು ಮೈ ಮತ್ತು ಮನಸ್ಸು ಎರಡೂ ಕೂಡಿದ ಸಪ್ಪಳ, ಬೇರೆ ಮಾಡಿಲ್ಲ ಎಂದು ಚೀಟಿಯಲ್ಲಿ ಬರೆದು ಅಂಟಿಸಿದ್ದಳು.

ನಾನು ಶಾಲೆಗೆ ತಿರುಗಿ ಹೋದ ಎರಡನೆಯ ತಿಂಗಳಿನಲ್ಲಿ ಇನ್ನೊಂದು ನಡೆಯಿತು. ಯಾವುದೋ ಕಂಪನಿಯ ಇಬ್ಬರು ಸೂಟ್‌ಕೇಸಿನ ತುಂಬ ತಲೆಪಟ್ಟಿಗಳನ್ನು ತಂದರು. ಪಾಠ ಕೇಳುವ ಮಗುವಿನ ಹಣೆಯ ಮೇಲೆ ಹಸಿರು ದೀಪ, ಕೇಳದ ಮಗುವಿಗೆ ಕೆಂಪು. ಮಾಸ್ತರರ ಟೇಬಲ್ಲಿನ ಮೇಲೆ ಎಲ್ಲರ ಲೆಕ್ಕವೂ ಬರುತ್ತದೆ, ಪಾಲಕರಿಗೂ ಕಳಿಸಬಹುದು ಎಂದರು. ಹೆಡ್‌ಮಾಸ್ತರರಿಗೆ ಅದು ಬಹಳ ಹಿಡಿಸಿತು. ಅವರು ಒಳ್ಳೆಯವರು, ಮಕ್ಕಳ ಮೇಲೆ ಕಾಳಜಿ ಇದ್ದವರು. ಇಂಥ ಯಂತ್ರದಿಂದ ನಾನೇ ಗುಣವಾದವಳಾದ್ದರಿಂದ ನನ್ನ ತರಗತಿಯಲ್ಲೇ ಮೊದಲು ನೋಡೋಣ ಎಂದರು. ನಾನು ಒಪ್ಪಿದೆ.

ಪಟ್ಟಿ ಕಟ್ಟಿಕೊಂಡ ಮಕ್ಕಳು ಮೊದಲ ಐದು ನಿಮಿಷ ಬರೇ ಒಬ್ಬರ ಹಣೆಯನ್ನೊಬ್ಬರು ನೋಡಿದರು. ಆಮೇಲೆ ನನ್ನನ್ನು ನೋಡತೊಡಗಿದರು. ಹುಬ್ಬು ಗಂಟು, ಹಲ್ಲು ಬಿಗಿ. ಅದು ನನಗೆ ಗುರುತಿದ್ದ ಮುಖ. ಮೂರು ವಾರ ನಾನು ಹೊತ್ತುಕೊಂಡಿದ್ದ ಮುಖ. ಕಿಟಕಿಯ ಪಕ್ಕದ ಒಬ್ಬ ಹುಡುಗಿಯದು ಮಾತ್ರ ಮೊದಲಿನಿಂದಲೂ ಕೆಂಪು. ಅವಳು ಹೊರಗೆ ಬೇವಿನ ಗಿಡ ನೋಡುತ್ತಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದ್ದನ್ನು ಕಂಡು ತಲೆ ತಗ್ಗಿಸಿದಳು. ಹಣೆಯ ದೀಪವನ್ನು ಅಂಗೈಯಿಂದ ಮುಚ್ಚಿಕೊಂಡಳು.

ನಾನು ಪಾಠ ನಿಲ್ಲಿಸಿ, ಈವರೆಗೆ ಓದಿದ್ದರಲ್ಲಿ ಏನು ತಿಳಿಯಿತು ಎಂದು ಎಲ್ಲರನ್ನೂ ಕೇಳಿದೆ. ಹಸಿರು ದೀಪದ ಮಕ್ಕಳು ನನ್ನ ವಾಕ್ಯಗಳನ್ನೇ ತಿರುಗಿ ಹೇಳಿದರು. ಕಿಟಕಿಯ ಹುಡುಗಿ ಹಣೆಯಿಂದ ಅಂಗೈ ತೆಗೆಯದೆಯೇ, ಕಥೆಯ ಮುದುಕಿ ಸಿಟ್ಟಾದದ್ದು ಸೊಸೆಯ ಮೇಲಲ್ಲ, ತನ್ನ ಮೇಲೆಯೇ ಇರಬೇಕು ಎಂದಳು. ಆ ಪಾಠವನ್ನು ನಾನು ಎಷ್ಟೋ ಸಲ ಕಲಿಸಿದ್ದೆ. ನನಗೆ ಅದು ಹೊಳೆದಿರಲಿಲ್ಲ.

ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಇದು ಬೇಡ ಎಂದೆ. ಅವರಿಗೆ ಆಶ್ಚರ್ಯವಾಯಿತು. ನಿಮಗೆ ಉಪಯೋಗವಾದದ್ದು ಮಕ್ಕಳಿಗೆ ಯಾಕೆ ಆಗಬಾರದು ಎಂದು ಕೇಳಿದರು. ನಾನು ಯಾವತ್ತೂ ಅವರೆದುರು ದನಿ ಏರಿಸಿದವಳಲ್ಲ. ಅಂದೂ ಏರಿಸಲಿಲ್ಲ.

"ಸರ್, ನನಗ ಹಚ್ಚಿದಾಗ ಆ ಪರದೆ ನಾನು, ಆ ಹುಡಿಗಿ, ನಮ್ಮ ದೊಡ್ಡವ್ವ ಅಷ್ಟ ನೋಡ್ತಿದ್ವಿ," ಎಂದೆ. "ನಿಂತ ದೋಣಿ ಊರ ಮಂದಿಗೆಲ್ಲಾ ತೋರಿಸಿದ್ರ ನಾ ಎರಡನೇ ಸಲ ಆ ಮೆಟ್ಟಲ ಹತ್ತತಿರಲಿಲ್ರೀ."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಎರಡು ದಿನ ಬಿಟ್ಟು ಪಟ್ಟಿಗಳು ತಿರುಗಿ ಹೋದವು. ಒಬ್ಬೊಬ್ಬರಾಗಿ, ಪಾಲಕರು ಬಯಸಿದರೆ ನವನಗರಕ್ಕೆ ಕಳಿಸುವುದು ಎಂದಾಯಿತು. ಈವರೆಗೆ ನಾಲ್ಕು ಮಕ್ಕಳು ಹೋಗಿದ್ದಾರೆ. ಇಬ್ಬರಲ್ಲಿ ಏನೋ ಬದಲಾಗಿದೆ ಎಂದು ಅವರ ತಾಯಂದಿರು ಹೇಳುತ್ತಾರೆ, ಒಬ್ಬನಿಗೆ ಏನೂ ಆಗಲಿಲ್ಲ. ಇನ್ನೊಬ್ಬಳು ಗೋಡೆಯ ನವಿಲು ನೋಡುವುದಕ್ಕೇ ಹೋಗುತ್ತಾಳೆ.

ನನ್ನ ಓದು ಪೂರ್ತಿ ಮೊದಲಿನಂತಾಗಿಲ್ಲ. ದೊಡ್ಡ ಕಾದಂಬರಿ ಹಿಡಿದರೆ ಈಗಲೂ ಇಪ್ಪತ್ತು ಪುಟಕ್ಕೆ ದಣಿಯುತ್ತೇನೆ. ಬೇಸಿಗೆಯಲ್ಲಿ, ಊಟದ ನಂತರದ ತರಗತಿಯಲ್ಲಿ ತಗಡಿನ ಚಾವಣಿ ಕಾದು ಗಾಳಿ ನಿಂತಾಗ, ಒಮ್ಮೊಮ್ಮೆ ತೇಲಿಹೋಗುತ್ತೇನೆ. ಮಕ್ಕಳಿಗೆ ಇದನ್ನು ತಿರುಗಿ ಬಂದ ಮೊದಲ ದಿನವೇ ಹೇಳಿಬಿಟ್ಟಿದ್ದೆ, ತಲೆಗೆ ಪೆಟ್ಟಾದದ್ದು, ನವನಗರದ ಮೆಟ್ಟಿಲು ಹತ್ತಿದ್ದು, ಎಲ್ಲ. ಮೊನ್ನೆ ಹಾಗೇ ಆಯಿತು. ಪುಸ್ತಕ ಕೈಯಲ್ಲಿತ್ತು, ದನಿ ನಿಂತಿತ್ತು, ನಾನು ಎಲ್ಲಿಯೋ ಇದ್ದೆ. ಹೊರಗೆ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಗಾಬರಿಯಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಬೆಂಚಿನಿಂದ ಒಂದು ದನಿ, "ಅಕ್ಕೋರ, ಆರನೇ ಸಾಲು," ಎಂದಿತು. ನಾನು ಆರನೆಯ ಸಾಲಿನ ಮೇಲೆ ಬೆರಳಿಟ್ಟು ಮುಂದಕ್ಕೆ ಓದಿದೆ.